ತೋಟದ ಕೆಸರಿಗೂ ಆಗಬೇಕು, ಹೈವೇಗೂ ಆಗಬೇಕು: ಯಾವ ಟೈರ್ ಹಾಕಿಸಲಿ?

ಪ್ರಶ್ನೆ: ನನ್ನ ಹತ್ತಿರ ಇಸುಜು ವಿ-ಕ್ರಾಸ್ ಪಿಕಪ್ ಇದೆ. ಮನೆ ಬೆಂಗಳೂರಿನಲ್ಲಿ, ಕಾಫಿ ತೋಟ ಸಕಲೇಶಪುರದ ಹತ್ತಿರ. ಎರಡು ವಾರಕ್ಕೊಮ್ಮೆ ಹೋಗಿ ಬರುತ್ತೇನೆ. ತೋಟದೊಳಗಿನ ಮೂರು ಕಿಲೋಮೀಟರ್ ಮಣ್ಣು ರಸ್ತೆ ಮಳೆಗಾಲದಲ್ಲಿ ನಾಟಿಗೆ ಹದ ಮಾಡಿದ ಗದ್ದೆಯ ಹಾಗಿರುತ್ತದೆ. ಕಂಪನಿ ಕೊಟ್ಟ ಟೈರ್ ಸವೆದಿದೆ. ಮಡ್ ಟೈರ್ ಹಾಕಿಸಿ ಅಂತ ಕೆಲವರು, ಬೇಡವೇ ಬೇಡ ಅಂತ ಕೆಲವರು. ಏನು ಮಾಡಲಿ?

ಉತ್ತರ: ಟೈರ್ ಅಂಗಡಿಗೆ ಹೋಗುವ ಮೊದಲು ಒಂದು ಸಣ್ಣ ಲೆಕ್ಕ ಹಾಕೋಣ. ಬೆಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 220 ಕಿಲೋಮೀಟರ್. ಹೋಗಿ ಬಂದರೆ 440. ತೋಟದೊಳಗೆ ಹೋಗಿ ಬರಲು ಆರು. ಅಂದರೆ ನೂರು ಕಿಲೋಮೀಟರಿನಲ್ಲಿ ಕೆಸರು ಒಂದೂವರೆಯೂ ಇಲ್ಲ. ಅದೂ ಮಳೆಗಾಲದಲ್ಲಿ ಮಾತ್ರ. ಹಾಗಾಗಿ ನೀವು ಟೈರ್ ಕೊಳ್ಳಬೇಕಾದ್ದು ಹೈವೇಗೆ. ಕೆಸರಿಗೆ ಬೇರೆ ಉಪಾಯ ಇದೆ, ಆಮೇಲೆ ಹೇಳುತ್ತೇನೆ.

ಎಟಿ ಹಾಕಿಸಿ, ಅಂದರೆ ಆಲ್ ಟೆರೇನ್. ಎಂಟಿ, ಅಂದರೆ ಮಡ್ ಟೆರೇನ್ ಬೇಡ.

ನಾನೂ ಒಮ್ಮೆ ಎಂಟಿ ಹಾಕಿಸಿ ಕೈ ಸುಟ್ಟುಕೊಂಡವನೇ. ನೋಡಲು ಗಾಡಿಗೆ ಭಾರೀ ಗತ್ತು ಬಂತು. ನೆಲಮಂಗಲ ದಾಟುವಷ್ಟರಲ್ಲಿ ಕಾಲ ಕೆಳಗೆ ಹಿಟ್ಟಿನ ಗಿರಣಿ ಓಡುತ್ತಿರುವ ಹಾಗೆ ಗುಂಯ್ ಅನ್ನುವ ಸದ್ದು. ಕುಣಿಗಲ್‌ನಲ್ಲಿ ರೇಡಿಯೋ ಜೋರು ಮಾಡಿದೆ. ಹಾಸನ ಬರುವ ಹೊತ್ತಿಗೆ ಹೆಂಡತಿ ಮಾತು ನಿಲ್ಲಿಸಿದ್ದಳು. ಸದ್ದಿಗೋ, ನಾನು ಕೊಟ್ಟ ದುಡ್ಡಿಗೋ, ಕೇಳುವ ಧೈರ್ಯ ಆಗಲಿಲ್ಲ. ಸದ್ದನ್ನಾದರೂ ಸಹಿಸಬಹುದು. ವಾಪಸ್ ಬರುವಾಗ ಜಿನುಗು ಮಳೆ. ಟೋಲ್ ಹತ್ತಿರ ಬ್ರೇಕ್ ಒತ್ತಿದರೆ ಗಾಡಿ ನಾನು ಅಂದುಕೊಂಡ ಜಾಗಕ್ಕಿಂತ ಒಂದು ಕಾರಿನಷ್ಟು ಮುಂದೆ ಹೋಗಿ ನಿಂತಿತು. ಮುಂದೆ ಯಾರೂ ಇರಲಿಲ್ಲ, ಬಚಾವ್.

ಯಾಕೆ ಹೀಗೆ? ಎಂಟಿ ಟೈರಿನ ಮೈ ನೋಡಿ. ದೊಡ್ಡ ದೊಡ್ಡ ರಬ್ಬರ್ ಗಟ್ಟಿಗಳು, ನಡುವೆ ಹೆಬ್ಬೆರಳು ತೂರುವಷ್ಟು ಸಂದಿ. ಕೆಸರಿನಲ್ಲಿ ಆ ಸಂದಿಯೇ ಅದರ ಬಲ. ಮಣ್ಣು ಒಳಗೆ ಸೇರುತ್ತದೆ, ಚಕ್ರ ತಿರುಗಿದಾಗ ಹೊರಗೆ ಎಸೆಯಲ್ಪಡುತ್ತದೆ, ಮತ್ತೆ ಹೊಸ ಮಣ್ಣನ್ನು ಕಚ್ಚುತ್ತದೆ. ಡಾಂಬರಿನ ಮೇಲೆ ಅದೇ ಸಂದಿ ಶತ್ರು. ನೆಲಕ್ಕೆ ತಾಗುವ ರಬ್ಬರೇ ಕಡಿಮೆ. ಒಂದೊಂದು ಗಟ್ಟಿಯೂ ರಸ್ತೆಗೆ ಬಡಿಯುತ್ತದೆ, ನಡುವೆ ಸಿಕ್ಕಿಕೊಂಡ ಗಾಳಿ ಒತ್ತಿ ಹೊರಬರುತ್ತದೆ. ಅದೇ ಆ ಗಿರಣಿ ಸದ್ದು. ಬ್ರೇಕ್ ಒತ್ತಿದಾಗ ಎತ್ತರದ ಗಟ್ಟಿಗಳು ಬಾಗುತ್ತವೆ, ಸ್ಟೀರಿಂಗ್ ತಿರುಗಿಸಿದರೆ ಗಾಡಿ ಒಂದು ಕ್ಷಣ ಯೋಚಿಸಿ ತಿರುಗಿದ ಹಾಗೆ ಅನಿಸುತ್ತದೆ. ಟೈರ್ ಭಾರವೂ ಜಾಸ್ತಿ, ಹಾಗಾಗಿ ಮೈಲೇಜೂ ಇಳಿಯುತ್ತದೆ.

ಇನ್ನೊಂದು ತುದಿಯಲ್ಲಿ ಎಚ್‌ಟಿ, ಹೈವೇ ಟೈರ್. ಡಾಂಬರಿನಲ್ಲಿ ಇದನ್ನು ಮೀರಿಸುವುದು ಬೇರೆ ಇಲ್ಲ. ಆದರೆ ಒದ್ದೆ ಕೆಂಪು ಮಣ್ಣಿನಲ್ಲಿ ಎರಡು ಸುತ್ತು ತಿರುಗುವಷ್ಟರಲ್ಲಿ ಗೀರುಗಳೆಲ್ಲ ತುಂಬಿ ಮೈ ನುಣ್ಣಗಾಗುತ್ತದೆ. ಆಮೇಲೆ ಅದು ಟೈರಲ್ಲ, ಸೋಪು.

ಎಟಿ ನಡುವಿನದು. ಇಲ್ಲಿಯೇ ನಿಜವಾದ ಆಯ್ಕೆ ಶುರುವಾಗುವುದು, ಯಾಕೆಂದರೆ ಎಲ್ಲ ಎಟಿಯೂ ಒಂದೇ ಅಲ್ಲ. ಕೆಲವು ಎಚ್‌ಟಿಯ ತಮ್ಮ, ಕೆಲವು ಎಂಟಿಯ ಅಣ್ಣ. ಪಕ್ಕದಲ್ಲಿ ಬರೆದ ಅಕ್ಷರ ನಂಬಿಕೊಂಡು ಕೂರಬೇಡಿ. ಅಂಗಡಿಯಲ್ಲಿ ಟೈರನ್ನು ಬೆಳಕಿಗೆ ತರಿಸಿ, ಬಗ್ಗಿ ನೋಡಿ.

ಮೊದಲು ನಡುಭಾಗ. ಅಲ್ಲಿನ ಗಟ್ಟಿಗಳು ಒಂದಕ್ಕೊಂದು ಹೆಣೆದುಕೊಂಡು ಹತ್ತಿರ ಹತ್ತಿರ ಇರಬೇಕು. ನೇರ ಓಡುವಾಗ ಸದ್ದು ಕಡಿಮೆಯಾಗುವುದು, ಬ್ರೇಕ್ ಹಿಡಿಯುವುದು ಈ ಭಾಗದಿಂದ. ಆಮೇಲೆ ಭುಜ, ಅಂದರೆ ಅಂಚು. ಅಲ್ಲಿ ಸಂದಿಗಳು ಅಗಲವಾಗಿ ಹೊರಕ್ಕೆ ತೆರೆದಿರಬೇಕು. ಕೆಸರಿನಲ್ಲಿ ಹೂತಾಗ ಎಳೆಯುವುದು ಅದೇ. ನಡು ಮುಚ್ಚಿದ್ದು, ಅಂಚು ತೆರೆದದ್ದು: ನಿಮ್ಮ ಕೆಲಸಕ್ಕೆ ಬೇಕಾದ ಎಟಿ ಇದು.

ಇನ್ನೊಂದನ್ನು ಯಾರೂ ನೋಡುವುದಿಲ್ಲ. ಗಟ್ಟಿಗಳ ಮೇಲೆ ಬ್ಲೇಡಿನಲ್ಲಿ ಗೀರಿದ ಹಾಗೆ ಸಣ್ಣ ಸೀಳುಗಳು ಇರುತ್ತವೆ, ಸೈಪ್ ಅಂತಾರೆ. ಒದ್ದೆ ಡಾಂಬರಿನಲ್ಲಿ ನೀರಿನ ಪದರ ಮುರಿದು ಹಿಡಿತ ಕೊಡುವುದು ಈ ಸೀಳುಗಳು. ಉಗುರು ತೂರಿಸಿ ನೋಡಿ. ಕೆಲವು ಟೈರಿನಲ್ಲಿ ಸೀಳು ಬುಡದವರೆಗೂ ಹೋಗಿರುತ್ತದೆ. ಕೆಲವದರಲ್ಲಿ ಮೇಲೆ ಮೇಲೆ ಅಷ್ಟೇ. ಅಂಥದ್ದು ಅರ್ಧ ಸವೆಯುವಷ್ಟರಲ್ಲಿ ಸೀಳೇ ಮಾಯ. ಟೈರ್ ನೋಡಲು ಇನ್ನೂ ಚೆನ್ನಾಗಿರುತ್ತದೆ, ಆದರೆ ಶಿರಾಡಿ ಘಾಟಿಯ ಮಳೆಯಲ್ಲಿ ಜಾರುತ್ತದೆ. ನಿಮ್ಮದು ಪಿಕಪ್ ಬೇರೆ. ಹಿಂದೆ ಲೋಡ್ ಇಲ್ಲದಿದ್ದರೆ ಹಿಂಭಾಗ ಹಗುರ, ಹೈವೇಯಲ್ಲಿ ಎಳೆಯುವುದೂ ಹಿಂದಿನ ಚಕ್ರಗಳೇ. ಒದ್ದೆ ತಿರುವಿನಲ್ಲಿ ಬಾಲ ಪಕ್ಕಕ್ಕೆ ಹೊರಡುವುದು ಅದಕ್ಕೇ. ಹಾಗಾಗಿ ನಿಮಗೆ ಸೀಳಿನ ಆಳ ಮುಖ್ಯ.

ಬ್ರ್ಯಾಂಡ್ ಯಾವುದು ಅಂತ ಕೇಳುತ್ತೀರಿ, ಗೊತ್ತು. ಯೊಕೊಹಾಮಾ ಜಿಯೋಲ್ಯಾಂಡರ್ ಎಟಿ, ಅಪೊಲೊ ಆಪ್ಟೆರಾ ಎಟಿ, ಸಿಯೆಟ್ ಝಾರ್ ಎಟಿ, ಜೆಕೆ ರೇಂಜರ್ ಎಟಿ, ಬಿಎಫ್‌ ಗುಡ್ರಿಚ್ ಆಲ್ ಟೆರೇನ್, ಇವೆಲ್ಲ ಇಲ್ಲಿ ಹೆಸರಿರುವವು. ಗುಡ್ರಿಚ್‌ನದು 1976ರಿಂದ ಬಂದ ತಳಿ, ಗಟ್ಟಿಮುಟ್ಟು, ಬೆಲೆಯೂ ಹಾಗೇ. ಜೆಕೆಯ ಮೈಸೂರು ಕಾರ್ಖಾನೆ ನಮ್ಮ ಹಳೇ ವಿಕ್ರಾಂತ್ ಟೈರ್ಸ್, ಗೊತ್ತಲ್ವಾ? ನಿಮ್ಮ ಸೈಜಿನಲ್ಲಿ ಇವೆಲ್ಲವೂ ಸಿಗುವುದಿಲ್ಲ. ಸಿಕ್ಕ ಎರಡು ಮೂರರಲ್ಲಿ ಮೇಲೆ ಹೇಳಿದ್ದನ್ನು ನೋಡಿ ಆರಿಸಿ.

ಸೈಜ್ ವಿಷಯದಲ್ಲಿ ಅಂಗಡಿಯವರ ಮಾತಿಗೆ ಮರುಳಾಗಬೇಡಿ. ನಿಮ್ಮ ಗಾಡಿಗೆ ಬಂದದ್ದು 255/60 ಆರ್18 ಇರಬೇಕು, ಟೈರಿನ ಪಕ್ಕ ಓದಿ ಖಚಿತ ಮಾಡಿಕೊಳ್ಳಿ. 'ಅದು ಸ್ಟಾಕ್ ಇಲ್ಲ ಸಾರ್, ಥಾರ್‌ದು 255/65 ಆರ್18 ಹಾಕ್ತೀನಿ, ಗಾಡಿ ಎತ್ತರ ಆಗತ್ತೆ' ಅಂತ ಹೇಳಬಹುದು. ಲೆಕ್ಕ ಹಾಕಿ: ನಿಮ್ಮ ಟೈರಿನ ಒಟ್ಟು ಎತ್ತರ 763 ಮಿಲಿಮೀಟರ್, ಥಾರ್‌ನದು 789. ಗಾಡಿ ಮೇಲೇಳುವುದು ಇದರ ಅರ್ಧ, 13 ಮಿಲಿಮೀಟರ್. ಅಷ್ಟಕ್ಕೆ ಸ್ಪೀಡೋಮೀಟರ್ 100 ತೋರಿಸುವಾಗ ಚಕ್ರ ಮೊದಲಿಗಿಂತ ಶೇಕಡ 3ರಷ್ಟು ಜಾಸ್ತಿ ಓಡುತ್ತಿರುತ್ತದೆ, ಎಂಜಿನ್ನಿಗೂ ಭಾರ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಒಳಗೆ ಉಜ್ಜಲೂಬಹುದು. ಇನ್ಶೂರೆನ್ಸ್ ತಕರಾರು ಬೇರೆ. ಕಂಪನಿ ಸೈಜಿಗೇ ಅಂಟಿಕೊಳ್ಳಿ. ಲೋಡ್ ಸಂಖ್ಯೆಯೂ ಹಳೆಯದಕ್ಕಿಂತ ಕಡಿಮೆ ಇರಬಾರದು. 112 ಅಂದರೆ ಒಂದು ಟೈರ್ 1,120 ಕೆಜಿ ಹೊರುತ್ತದೆ. ತಯಾರಾದ ವಾರ ಮತ್ತು ವರ್ಷ ನಾಲ್ಕು ಅಂಕಿಯಲ್ಲಿ ಇರುತ್ತದೆ, 2324 ಅಂದರೆ 2024ರ 23ನೇ ವಾರ. ಗೋಡೌನಿನಲ್ಲಿ ಮುದಿಯಾದದ್ದನ್ನು ಡಿಸ್ಕೌಂಟ್ ಕೊಟ್ಟರೂ ತರಬೇಡಿ.

ಈಗ ಕೆಸರು. ತೋಟದ ಗೇಟಿಗೆ ಬಂದ ಮೇಲೆ ಗಾಳಿ ಇಳಿಸಿ. ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿ ಬರೆದ ಪ್ರೆಶರ್‌ನಿಂದ 22 ಪಿಎಸ್‌ಐ ಸುಮಾರಿಗೆ. ಟೈರ್ ಅಗಲವಾಗಿ, ಅದಕ್ಕಿಂತ ಹೆಚ್ಚಾಗಿ ಉದ್ದವಾಗಿ ನೆಲಕ್ಕೆ ಕೂರುತ್ತದೆ. ಫೋರ್ ಲೋ, ಅಂದರೆ ನಾಲ್ಕೂ ಚಕ್ರ ಎಳೆಯುವ ನಿಧಾನದ ಗೇರ್ ಹಾಕಿ ನಿಧಾನವಾಗಿ, ಒಂದೇ ವೇಗದಲ್ಲಿ ಹೋಗಿ. ವಾಪಸ್ ಬರುವಾಗ ಗೇಟಿನಲ್ಲೇ ಗಾಳಿ ತುಂಬಿಸಬೇಕು. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಹಾಕುವ ಕಂಪ್ರೆಸರ್ ಇಟ್ಟುಕೊಳ್ಳಿ. ಕಡಿಮೆ ಗಾಳಿಯಲ್ಲಿ ಹೈವೇಗೆ ಇಳಿದರೆ ಟೈರ್ ಬಿಸಿಯಾಗುತ್ತದೆ, ಒಡೆಯಲೂಬಹುದು.

ಅದಕ್ಕೂ ಬಗ್ಗದ ಏರು ಇದ್ದರೆ? ಮಲೆನಾಡಿನ ತೋಟದ ಜೀಪುಗಳನ್ನು ನೋಡಿ. ಮಳೆ ಹಿಡಿಯಿತು ಅಂದರೆ ಚಕ್ರಕ್ಕೆ ಕಬ್ಬಿಣದ ಚೈನ್ ಬೀಳುತ್ತದೆ. ದುಬಾರಿ ಎಂಟಿ ಹಾಕಿದ ಗಾಡಿ ಏರಿನ ಮಧ್ಯೆ ಸುಮ್ನೆ ಚಕ್ರ ತಿರುಗಿಸುತ್ತ ನಿಂತಿರುವಾಗ, ಬೋಳು ಟೈರಿಗೆ ಚೈನ್ ಸುತ್ತಿದ ಹಳೇ ಜೀಪು ಗೊಬ್ಬರದ ಮೂಟೆ ಹೊತ್ತು ಪಕ್ಕದಲ್ಲೇ ಹತ್ತಿ ಹೋಗುವುದನ್ನು ನೋಡಿದ್ದೇನೆ. ಅವತ್ತು ಆ ಗಾಡಿ ನನ್ನದೇ ಆಗಿತ್ತು, ಬಿಡಿ. ನಿಮ್ಮ ಟೈರ್ ಅಳತೆಯ ಒಂದು ಜೊತೆ ಚೈನ್ ಕೊಂಡು ಹಿಂದಿನ ಚಕ್ರಗಳಿಗೆ ಹಾಕಿ. ಚೈನ್ ಹಾಕುವ ದಿನ ಗಾಳಿ ಇಳಿಸಬೇಡಿ, ಸಡಿಲವಾಗಿ ಕಳಚುತ್ತದೆ. ಬ್ರೇಕ್ ಪೈಪಿಗೆ, ಒಳಗಿನ ಭಾಗಗಳಿಗೆ ತಾಗದಷ್ಟು ಜಾಗ ಇದೆಯಾ ನೋಡಿಕೊಳ್ಳಿ. ಟೈರ್ ದೊಡ್ಡದು ಮಾಡಬೇಡಿ ಅಂದದ್ದಕ್ಕೆ ಇದೂ ಒಂದು ಕಾರಣ. ಡಾಂಬರ್ ಬರುವ ಮೊದಲೇ ಬಿಚ್ಚಿ.

ಎಟಿ ಹಾಕಿದ ಮೇಲೂ ಕೆಲವು ಸಾವಿರ ಕಿಲೋಮೀಟರ್ ಕಳೆದರೆ ಸದ್ದು ಏರುವುದುಂಟು. ಅಂಗೈಯನ್ನು ಟೈರಿನ ಅಂಚಿನ ಗಟ್ಟಿಗಳ ಮೇಲೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸವರಿ. ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ಗರಗಸದ ಹಲ್ಲಿನ ಹಾಗೆ ತಾಗಿದರೆ ಗಟ್ಟಿಗಳು ಓರೆಯಾಗಿ ಸವೆಯುತ್ತಿವೆ ಅಂತ ಅರ್ಥ. 8,000 ಕಿಲೋಮೀಟರಿಗೊಮ್ಮೆ ಹಿಂದಿನದು ಮುಂದೆ, ಮುಂದಿನದು ಹಿಂದೆ ಮಾಡಿಸಿದರೆ ಇದು ತುಂಬಾ ಕಡಿಮೆಯಾಗುತ್ತದೆ.

ಹಾಂ, ಚೈನ್ ಬಿಚ್ಚಿದ ಮೇಲೆ ಗೋಣಿಚೀಲದಲ್ಲಿ ಬಿಗಿಯಾಗಿ ಸುತ್ತಿಡಿ. ಹಿಂದೆ ಹಾಗೇ ಎಸೆದು ಬಂದರೆ ಎಂಟಿ ಸದ್ದು ತಪ್ಪಿಸಿಕೊಂಡವರು ನೆಲಮಂಗಲದವರೆಗೂ ಚೈನಿನ ಗಲಗಲ ಕೇಳುತ್ತಾ ಬರಬೇಕಾಗುತ್ತದೆ.