ಸಲ್ಲೇಖನವೂ ಆತ್ಮಹತ್ಯೆಯೂ: ಒಂದೇ ಪದಕ್ಕೆ ಸಿಕ್ಕಿಬಿದ್ದ ಹಲವು ಸಾವುಗಳು

2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್, ಆಹಾರವನ್ನು ಹಂತಹಂತವಾಗಿ ತೊರೆದು ಸಾವನ್ನು ಎದುರುಗೊಳ್ಳುವ ಜೈನರ ಸಲ್ಲೇಖನ ವ್ರತವನ್ನು ಆತ್ಮಹತ್ಯೆಯೆಂದೇ ಪರಿಗಣಿಸಿ, ವ್ರತ ಕೈಗೊಂಡವರನ್ನೂ ಅವರಿಗೆ ನೆರವಾದವರನ್ನೂ ದಂಡಸಂಹಿತೆಯ 309 (ಆತ್ಮಹತ್ಯೆಯ ಯತ್ನ) ಮತ್ತು 306ನೇ (ಆತ್ಮಹತ್ಯೆಗೆ ಪ್ರಚೋದನೆ) ಕಲಮುಗಳ ವ್ಯಾಪ್ತಿಗೆ ತಂದಿತು. ಸರಿಯಾಗಿ ಮೂರು ವಾರಗಳ ಬಳಿಕ, ಆಗಸ್ಟ್ 31ರಂದು, ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಮನುಷ್ಯ ತನ್ನ ಸಾವನ್ನು ತಾನೇ ಬರಮಾಡಿಕೊಳ್ಳುವುದು ಎಂದಾದರೂ ನ್ಯಾಯವೆನಿಸೀತೇ ಎಂಬ ಪ್ರಶ್ನೆ ಧರ್ಮ, ದಂಡ, ವೈದ್ಯಕೀಯ ಎಂಬ ಮೂರು ದಾರಿಗಳಲ್ಲಿ ಸಾಗಿಬಂದು ಈ ಮೊಕದ್ದಮೆಯಲ್ಲಿ ಒಂದಕ್ಕೊಂದು ಹೆಣೆದುಕೊಂಡಿತು. ಗಂಟನ್ನು ಬಿಡಿಸಬೇಕಾದರೆ ಶ್ರವಣಬೆಳಗೊಳಕ್ಕೆ ಹೋಗುವುದು ಅನಿವಾರ್ಯ.

ಅಲ್ಲಿನ ಚಂದ್ರಗಿರಿಯ ಬಂಡೆಗಳ ಮೇಲೆ 7ನೇ ಶತಮಾನದ ಆಸುಪಾಸಿನ ಹಲವಾರು ನಿಸಿದಿ ಶಾಸನಗಳಿವೆ, ಎಂದರೆ ವ್ರತದಿಂದ ದೇಹ ಬಿಟ್ಟವರ ನೆನಪಿನ ಬರಹಗಳು. ಹೆಚ್ಚಿನವು ಒಂದೆರಡು ಸಾಲಿನವು: ಇಂಥ ಮುನಿ, ಇಂಥ ಕಂತಿ (ಜೈನ ಸನ್ಯಾಸಿನಿ), ಇಷ್ಟು ದಿನ ‘ನೋಂತು ಮುಡಿಪಿದರ್’. ನೋಂತು ಎಂದರೆ ವ್ರತವನ್ನು ಆಚರಿಸಿ. ಮುಡಿಪಿದರ್ ಎಂದರೆ ಮುಗಿಸಿದರು, ಅಂದರೆ ದೇಹವನ್ನು ತೊರೆದರು. ಆ ಶಾಸನಕವಿಗಳು ಇಂಥ ಸಾವಿಗೆ ಸನ್ಯಸನ, ಆರಾಧನೆ, ಸಮಾಧಿ ಎಂಬ ಬೇರೆಬೇರೆ ಪದಗಳನ್ನು ಬಳಸಿದರೇ ಹೊರತು ಕೊಲೆಯ ಅರ್ಥ ಹೊತ್ತ ಪದವನ್ನು ಹತ್ತಿರಕ್ಕೂ ಬಿಟ್ಟುಕೊಂಡಿಲ್ಲ. ಗಂಗ ದೊರೆ ಮಾರಸಿಂಹ 974ರ ಸುಮಾರಿಗೆ ಬಂಕಾಪುರದಲ್ಲಿ, ರಾಷ್ಟ್ರಕೂಟರ ಕೊನೆಯ ಇಂದ್ರ 982ರಲ್ಲಿ ಬೆಳಗೊಳದಲ್ಲಿ ಇದೇ ರೀತಿಯಲ್ಲಿ ಮುಡಿಪಿದರು.

ಆದರೆ ಈ ಗೌರವದ ಹಿಂದೆ ಬಿಗಿಯಾದ ಕಟ್ಟುಪಾಡುಗಳಿದ್ದವು, ಇಂದಿನ ಚರ್ಚೆಯಲ್ಲಿ ಮರೆತುಹೋಗುತ್ತಿರುವುದು ಅವೇ. ಜೈನ ಆಚಾರ್ಯ ಸಮಂತಭದ್ರರು ಶ್ರಾವಕರಿಗಾಗಿ, ಎಂದರೆ ಜೈನ ಗೃಹಸ್ಥರಿಗಾಗಿ ಬರೆದ ಆಚಾರಗ್ರಂಥದ ಪ್ರಕಾರ ಉಪಸರ್ಗ (ವಿಪತ್ತು), ಬರಗಾಲ, ಮುಪ್ಪು, ರೋಗ ಈ ನಾಲ್ಕರಲ್ಲಿ ಯಾವುದಾದರೂ ಬಂದೊದಗಿ, ಅದು ‘ನಿಷ್ಪ್ರತೀಕಾರ’ವಾಗಿದ್ದರೆ, ಎಂದರೆ ಯಾವ ಪರಿಹಾರವೂ ಉಳಿದಿಲ್ಲದಿದ್ದರೆ ಮಾತ್ರ ಸಲ್ಲೇಖನಕ್ಕೆ ಎಡೆಯುಂಟು. ಜೈನರ ಮೂಲಗ್ರಂಥಗಳಲ್ಲೊಂದಾದ ತತ್ತ್ವಾರ್ಥಸೂತ್ರ ಇನ್ನೂ ಮುಂದೆ ಹೋಗಿ, ವ್ರತ ಹಿಡಿದವರು ಬದುಕನ್ನು ಹಂಬಲಿಸುವುದು ಹೇಗೆ ದೋಷವೋ ಸಾವನ್ನು ಹಂಬಲಿಸುವುದೂ ಹಾಗೆಯೇ ದೋಷ ಎನ್ನುತ್ತದೆ. ಬೇಗ ಸತ್ತರೆ ಸಾಕೆಂಬ ಆಸೆ ಹುಟ್ಟಿದ ಗಳಿಗೆಯಲ್ಲೇ ವ್ರತಕ್ಕೆ ಕಳಂಕ ತಟ್ಟುತ್ತದೆ ಎಂಬ ಈ ಮಾತು ನನಗೆ ಇಡೀ ವಿವಾದದ ಕೀಲಿಯಾಗಿ ತೋರುತ್ತದೆ. ‘ಇದು ಆತ್ಮವಧೆಯಲ್ಲವೇ?’ ಎಂಬ ಆಕ್ಷೇಪವನ್ನು ಆ ಸೂತ್ರಗಳಿಗೆ ವ್ಯಾಖ್ಯಾನ ಬರೆದ ಪೂಜ್ಯಪಾದರು ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆಯೇ ಎತ್ತಿಕೊಂಡು ಉತ್ತರಿಸಿದ್ದರು. ಸರಕು ತುಂಬಿದ ಮನೆ ಹಾಳಾಗುವುದನ್ನು ಯಾವ ವರ್ತಕನೂ ಬಯಸುವುದಿಲ್ಲ. ಅಪಾಯ ಬಂದರೆ ಮೊದಲು ಮನೆಯನ್ನೇ ಉಳಿಸಲು ಹೆಣಗುತ್ತಾನೆ, ಅದು ಆಗದೆಂದಾಗ ಒಳಗಿನ ಸರಕನ್ನಾದರೂ ಕಾಪಾಡುತ್ತಾನೆ. ಮನೆ ದೇಹ, ಸರಕು ವ್ರತಶೀಲಗಳು. ರಾಗದ್ವೇಷಗಳ ವಶವಾಗಿ ತನ್ನನ್ನು ತಾನು ಕೊಂದುಕೊಳ್ಳುವುದನ್ನು ಅವರು ವಧೆಯೆಂದೇ ಕರೆದರು.

ನಿಯಮ ಇಷ್ಟು ಸ್ಪಷ್ಟವಿದ್ದರೂ ಬಾಳು ಅದರ ಗೆರೆಯೊಳಗೇ ನಡೆಯಿತೆನ್ನಲಾಗದು. ಹೊಯ್ಸಳ ರಾಣಿ ಶಾಂತಲೆ ತೀರಿಕೊಂಡಾಗ ಆಕೆಯ ತಾಯಿ ಮಾಚಿಕಬ್ಬೆ, ಮಗಳು ಹೋದ ಮೇಲೆ ತಾನಿರಲಾರೆನೆಂದು ಬೆಳಗೊಳಕ್ಕೆ ಬಂದು ಒಂದು ತಿಂಗಳ ಉಪವಾಸದಿಂದ ಮುಡಿಪಿದ್ದನ್ನು ಶಾಸನ ಹೇಳುತ್ತದೆ. ಅದರಲ್ಲಿ ಸಮಾಧಿ ಎಷ್ಟು, ಕರುಳಿನ ಸಂಕಟ ಎಷ್ಟು? ಅದನ್ನು ಓದಿದಾಗಲೆಲ್ಲ, ಆ ತಾಯಿಗೆ ಇನ್ನಷ್ಟು ದಿನ ತಾಳಲು ಹೇಳುವವರು ಯಾರಾದರೂ ಇರಬೇಕಿತ್ತು ಎನಿಸುತ್ತದೆ. ಹಳೇಬೀಡಿನ ಗರುಡಗಂಬ ನೆನೆಯುವ ಕುವರ ಲಕ್ಷ್ಮನದು ಮತ್ತೊಂದೇ ಬಗೆ. ಹೊಯ್ಸಳ ದೊರೆ ವೀರಬಲ್ಲಾಳನಿಗೆ ಕೊಟ್ಟ ಮಾತಿಗಾಗಿ ಅವನೂ ಅವನ ಹೆಂಡತಿಯೂ ಸಂಗಡಿಗರೂ ಪ್ರಾಣ ಬಿಟ್ಟರು. ಅಂದು ಅದು ಸ್ವಾಮಿನಿಷ್ಠೆಯಾಗಿತ್ತು, ಇಂದು ಅದನ್ನು ಸಮರ್ಥಿಸುವವರು ಸಿಗಲಾರರು. ಮೆಚ್ಚುಗೆಯ ಕಲ್ಲು ನಿಂತ ಮಾತ್ರಕ್ಕೆ ಸಾವು ನ್ಯಾಯವಾಗುವುದಿಲ್ಲ.

ಕಾನೂನಿನ ದಾರಿಯನ್ನು ಬೇಗ ಹೇಳಿಬಿಡಬಹುದು. 1860ರ ದಂಡಸಂಹಿತೆ ಆತ್ಮಹತ್ಯೆಯ ಯತ್ನಕ್ಕೆ ಒಂದು ವರ್ಷದವರೆಗಿನ ಸೆರೆ ವಿಧಿಸಿತು. 1971ರಲ್ಲಿ ಕಾನೂನು ಆಯೋಗ ಅದನ್ನು ಕೈಬಿಡಲು ಶಿಫಾರಸು ಮಾಡಿತು. 1994ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ಕಲಮನ್ನು ರದ್ದುಗೊಳಿಸಿದರೆ, 1996ರ ಗ್ಯಾನ್ ಕೌರ್ ಪ್ರಕರಣದಲ್ಲಿ ಐವರ ಪೀಠ ಅದನ್ನು ಮತ್ತೆ ಊರ್ಜಿತಗೊಳಿಸಿತು. ಬದುಕಿ ಉಳಿದವನ ಹಾಸಿಗೆಯ ಬಳಿ ಪೊಲೀಸರನ್ನು ನಿಲ್ಲಿಸುವ ಈ ಕ್ರಮದ ನಿರ್ದಯತೆಯನ್ನು ತಗ್ಗಿಸಿದ್ದು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ. ಅದರ 115ನೇ ಕಲಮಿನಂತೆ ಯತ್ನಿಸಿದವರು ತೀವ್ರ ಮನೋವ್ಯಥೆಯಲ್ಲಿದ್ದರೆಂದೇ ಭಾವಿಸಬೇಕು, ಆರೈಕೆ ಸರ್ಕಾರದ ಹೊಣೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309ರಂಥ ಕಲಮೇ ಇಲ್ಲ; ಸರ್ಕಾರಿ ನೌಕರನ ಮೇಲೆ ಒತ್ತಡ ಹೇರಲು ಮಾಡುವ ಯತ್ನ ಮಾತ್ರ ಅಪರಾಧವಾಗಿ ಉಳಿದಿದೆ. ಸಾಲದ ಹೊರೆಯಲ್ಲೋ ಪರೀಕ್ಷೆಯ ಸೋಲಿನಲ್ಲೋ ನಲುಗಿದ ಜೀವಕ್ಕೆ ಬೇಕಾಗಿರುವುದು ಆಲಿಸುವ ಕಿವಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ತೆರೆದಿರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಮೂರನೆಯ ದಾರಿ ಆಸ್ಪತ್ರೆಯದು. ದಶಕಗಳ ಕಾಲ ಜಡಸ್ಥಿತಿಯಲ್ಲಿದ್ದ ಮುಂಬೈಯ ದಾದಿ ಅರುಣಾ ಶಾನಭಾಗ್ ಅವರ ಕುರಿತ 2011ರ ತೀರ್ಪು ನಿಷ್ಕ್ರಿಯ ದಯಾಮರಣಕ್ಕೆ, ಎಂದರೆ ಚಿಕಿತ್ಸೆ ನಿಲ್ಲಿಸಿ ಸಾವಿಗೆ ಎಡೆಗೊಡುವುದಕ್ಕೆ, ಬಾಗಿಲು ತೆರೆಯಿತು. 2018ರ ಮಾರ್ಚ್ 9ರಂದು ಐವರ ಪೀಠ ಘನತೆಯಿಂದ ಸಾಯುವುದನ್ನು ಬದುಕಿನ ಹಕ್ಕಿನ ಭಾಗವೆಂದು ಒಪ್ಪಿತು. 2023ರಲ್ಲಿ ಅದರ ವಿಧಿವಿಧಾನ ಸರಳವಾಯಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದರ ಜಾರಿಗೆ ಆದೇಶ ಹೊರಡಿಸಿತು. ಗುಣವಾಗುವ ಭರವಸೆಯಿಲ್ಲದ ರೋಗಿಗೆ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸಲು ಈಗ ಎರಡು ವೈದ್ಯಕೀಯ ಮಂಡಳಿಗಳ ಒಪ್ಪಿಗೆ ಬೇಕು. ಸಮಂತಭದ್ರರ ‘ನಿಷ್ಪ್ರತೀಕಾರ’ ಎಂಬ ಪದ ಹೊಸ ವೇಷದಲ್ಲಿ ಮರಳಿ ಬಂದಂತಿದೆ.

ಸಾವನ್ನು ಹಂಬಲಿಸಬಾರದೆಂಬ ತತ್ತ್ವಾರ್ಥಸೂತ್ರದ ಷರತ್ತು ಮಾತ್ರ ಇನ್ನೂ ಮರಳಿಲ್ಲ. ಶರೀರ ಗುಣವಾಗದೆಂದು ಮಂಡಳಿ ಹೇಳಬಲ್ಲದು. ಅಂಥ ಸ್ಥಿತಿ ಬಂದರೆ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಮುಂಗಡ ಇಚ್ಛಾಪತ್ರಕ್ಕೆ ಇಬ್ಬರು ಸಾಕ್ಷಿಗಳೂ ನೋಟರಿಯೋ ಗೆಜೆಟೆಡ್ ಅಧಿಕಾರಿಯೋ ಸಹಿ ಹಾಕಬಲ್ಲರು. ಆದರೆ ಮಕ್ಕಳಿಗೆ ಭಾರವಾದೆನೆಂಬ ಅಂಜಿಕೆಯಿಂದ ಅಜ್ಜಿಯೊಬ್ಬಳು ಆ ಪತ್ರಕ್ಕೆ ಒಪ್ಪುತ್ತಿದ್ದಾಳೆಯೇ ಎಂದು, ಹಿಂದೆ ವ್ರತ ಕೊಡುವ ಮುನ್ನ ಆಚಾರ್ಯರು ಶಿಷ್ಯನ ಮನಸ್ಸನ್ನು ಒರೆಗೆ ಹಚ್ಚುತ್ತಿದ್ದ ಹಾಗೆ, ಪಕ್ಕದಲ್ಲಿ ಕೂತು ಕೇಳುವ ಹೊಣೆಯನ್ನು ಯಾರಿಗೆ ಒಪ್ಪಿಸಬೇಕು?