ಬಂಪರ್ ಬಿಚ್ಚದೆ ರೇಟ್ ಹೇಳಲ್ಲ

ಕಬ್ಬು ಅರೆಯುವ ಕಾಲ ಬಂತೆಂದರೆ ಮಂಡ್ಯದ ನಮ್ಮ ಗ್ಯಾರೇಜಿಗೆ ಮುಂದಿನ ಬಂಪರ್ ಒಡೆದುಕೊಂಡ ಕಾರುಗಳು ಜಾಸ್ತಿ. ಹಿಂದೆ ಒಂದು ಲೈಟೂ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ರಾತ್ರಿ ಹೊತ್ತು ಎಲ್ಲಿ ಕಾಣುತ್ತೆ ಹೇಳಿ? ಮೊನ್ನೆ ಬಂದವರೂ ಹಾಗೇ ಗುದ್ದಿಕೊಂಡವರು. "ಅಣ್ಣ, ಬರೀ ಪ್ಲಾಸ್ಟಿಕ್ ಸೀಳಿರೋದು. ಅಂಟಿಸಿ ಪೇಂಟ್ ಹೊಡ್ದುಬಿಡಿ" ಅಂದರು.

ನಾವು ಬಂಪರ್ ಅನ್ನುವುದು ಬರೀ ಮುಸುಕು. ಏಟು ತಿನ್ನುವುದು ಅದರ ಹಿಂದೆ ಅಡ್ಡಕ್ಕಿರುವ ಬೀಮ್. ಬೀಮಿನ ಎರಡು ತುದಿಯಲ್ಲೂ ಡಬ್ಬಿಯಂಥ ಕ್ರ್ಯಾಶ್ ಬಾಕ್ಸ್ ಇರುತ್ತೆ. ಗುದ್ದಿದಾಗ ಅದು ನುಜ್ಜಾಗಬೇಕು, ಅದಕ್ಕೇ ಇಟ್ಟಿರೋದು. ಪ್ಲಾಸ್ಟಿಕ್ ಒಳಗೆ ಹೋಗಿ ವಾಪಸ್ ಉಬ್ಬಿಕೊಳ್ಳುತ್ತೆ, ಕಬ್ಬಿಣ ಉಬ್ಬಲ್ಲ. ಕ್ಲಿಪ್ ಬಿಡಿಸಿ ತೋರಿಸಿದೆ. ಎಡಗಡೆ ಬಾಕ್ಸ್ ತುಳಿದ ತಗಡಿನ ಡಬ್ಬದ ಹಾಗೆ ಮಡಿಚಿಕೊಂಡಿತ್ತು. ಬೀಮಿಗೂ ರೇಡಿಯೇಟರಿಗೂ ಮಧ್ಯೆ ಒಂದು ಬೆರಳು ತೂರುವಷ್ಟು ಜಾಗ ಉಳಿದಿತ್ತು, ಅಷ್ಟೇ.

"ಬಡಿದು ನೆಟ್ಟಗೆ ಮಾಡೋಕಾಗಲ್ವಾ?" ಮಾಡಬಹುದು. ಆದರೆ ಒಮ್ಮೆ ಮಡಿಚಿದ ತಗಡು ಮುಂದಿನ ಸಲ ಹೇಗೆ ಮಡಿಚುತ್ತೋ ಯಾರಿಗೆ ಗೊತ್ತು? ಹೊಸದೇ ಹಾಕಿದೆವು.

ಹಂಗಾದ್ರೆ ಬುಲ್ ಗಾರ್ಡ್ ಹಾಕಿಬಿಡಿ ಅಂದರು, ಅದೇ ಬಂಪರಿನ ಮುಂದೆ ಕೂರಿಸೋ ಕಬ್ಬಿಣದ ಕಂಬಿ. ಅದನ್ನು ನಾನು ಮಾಡಲ್ಲ. ಆ ಕಬ್ಬಿಣ ನೇರವಾಗಿ ಚಾಸಿಗೆ ಬೋಲ್ಟ್ ಆಗುತ್ತೆ. ಏಟು ಕ್ರ್ಯಾಶ್ ಬಾಕ್ಸ್ ಮುಟ್ಟದೆ ಸೀದಾ ಒಳಗೆ ಹೋಗುತ್ತೆ. ಏರ್‌ಬ್ಯಾಗ್ ಸೆನ್ಸರ್ ಲೆಕ್ಕವೂ ತಪ್ಪಬಹುದು. ಎದುರಿಗೆ ನಡೆದುಹೋಗುವವನ ಗತಿಯಂತೂ ಕೇಳಬೇಡಿ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಇದರ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿದೆ.

ಕಾರು ಜಾಕ್ ಮೇಲಿದ್ದಾಗ ಟಯರ್ ಕಡೆ ಕಣ್ಣು ಹೋಯಿತು. ಬಟನ್, ಅಂದರೆ ರಸ್ತೆಗೆ ತಾಗುವ ಉಬ್ಬು, ಏನೋ ಚೆನ್ನಾಗಿತ್ತು. ಆದರೆ ಟಯರಿನ ಪಕ್ಕದಲ್ಲಿ ಡಿಒಟಿ (DOT) ಅಂತ ಶುರುವಾಗುವ ಅಕ್ಷರ-ಅಂಕಿಗಳ ಸಾಲಿನ ಕೊನೆಗೆ 1415 ಅಂತಿತ್ತು. ಅಂದರೆ 2015ನೇ ಇಸವಿಯ 14ನೇ ವಾರದ ಮಾಲು. ಬೆರಳಲ್ಲಿ ಒತ್ತಿದರೆ ಬಿಸಿಲಿಗೆ ಒಣಗಿದ ಗದ್ದೆಯ ಹಾಗೆ ಸಣ್ಣ ಸಣ್ಣ ಬಿರುಕು. ಓಡದೆ ಸುಮ್ನೆ ನಿಂತರೂ ರಬ್ಬರಿಗೆ ವಯಸ್ಸಾಗುತ್ತೆ.

ಇನ್ನು ಗಾಳಿ. ಎಷ್ಟು ಹಾಕಬೇಕು ಅನ್ನೋದು ಡ್ರೈವರ್ ಬಾಗಿಲು ತೆಗೆದರೆ ಅಲ್ಲೇ ಸ್ಟಿಕ್ಕರ್ ಮೇಲಿರುತ್ತೆ. ಟಯರಿನ ಮೈಮೇಲೆ ಬರೆದಿರುವುದು ಅದು ತಡೆಯುವ ಗರಿಷ್ಠ ಗಾಳಿ, ಹಾಕಬೇಕಾದ್ದಲ್ಲ. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗಲೇ ಚೆಕ್ ಮಾಡಿಸಿ. ಗಾಳಿ ಕಮ್ಮಿ ಇದ್ದರೆ ಟಯರಿನ ಪಕ್ಕೆ ಸುತ್ತು ಸುತ್ತಿಗೂ ಮಡಿಚಿ ಬಿಚ್ಚಿ ಬಿಸಿಯಾಗುತ್ತೆ. ಊರೊಳಗೆ ಗೊತ್ತಾಗಲ್ಲ. ಬೆಂಗಳೂರು ಹೈವೇ ಹತ್ತಿ ಅರ್ಧ ಗಂಟೆ ಬಿಟ್ಟರೆ ಸಿಡಿಯೋದೂ ಉಂಟು.

ಎರಡು ಟಯರ್ ಬದಲಾಯಿಸೋಕೆ ಒಪ್ಪಿದರು. ಸದ್ಯಕ್ಕೆ ಸ್ಟೆಪ್ನಿ ಇದೆಯಲ್ಲ, ಹೊಸದೇ, ಒಂದು ಸಲವೂ ಇಳಿಸಿಲ್ಲ ಅಂದರು. ಡಿಕ್ಕಿಯಿಂದ ಇಳಿಸಿದೆವು. ಗಾಳಿಯೇ ಇರಲಿಲ್ಲ.