ಸೇವೆಯೂ ಆಗಬೇಕು, ಜರ್ಮನ್ನೂ ಬರಬೇಕು: ದಾರಿ ಇದೆಯೇ?

ಪಿಂಪ್ರಿಯ ಓದುಗರೊಬ್ಬರ ಪ್ರಶ್ನೆ: ಮಗಳು ಪುಣೆ ವಿಶ್ವವಿದ್ಯಾಲಯದ ರಾನಡೆ ಇನ್‌ಸ್ಟಿಟ್ಯೂಟ್‌ನಲ್ಲಿ ಜರ್ಮನ್ ಓದುತ್ತಿದ್ದಾಳೆ. ವಿದೇಶಕ್ಕೆ ಹೋಗಿ ಬಡವರ ಸೇವೆ ಮಾಡುತ್ತಾ ಭಾಷೆ ಪಳಗಿಸಿಕೊಳ್ಳುತ್ತೇನೆ ಅನ್ನುತ್ತಾಳೆ. ಆದರೆ ಎರಡು ವಾರಕ್ಕೆ ದೊಡ್ಡ ಮೊತ್ತ ಕೇಳುವ ಏಜೆನ್ಸಿಗಳೇ ಕಣ್ಣಿಗೆ ಬೀಳುತ್ತಿವೆ. ಬೇರೆ ದಾರಿ ಇಲ್ಲವೇ?

ಇದೆ. ಜರ್ಮನಿಯಲ್ಲೇ ವರ್ಷಗಟ್ಟಲೆ ಮಾಡುವ ಸ್ವಯಂಸೇವೆ. ಅಲ್ಲಿ ನೀವು ದುಡ್ಡು ಕಟ್ಟಬೇಕಿಲ್ಲ, ಅವರೇ ಕೈಖರ್ಚಿಗೆ ಕೊಡುತ್ತಾರೆ.

ಜರ್ಮನಿಯಲ್ಲಿ ಹಿಂದೆ ಸೈನ್ಯಕ್ಕೆ ಸೇರಲೊಪ್ಪದ ಹುಡುಗರು ಅದರ ಬದಲು ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ದುಡಿಯಬೇಕಿತ್ತು. 2011ರಲ್ಲಿ ಕಡ್ಡಾಯ ಸೈನಿಕ ಸೇವೆ ನಿಂತಿತು, ಆ ಕೈಗಳೂ ಇಲ್ಲವಾದವು. ಆ ಜಾಗ ತುಂಬಲು ಬಂದದ್ದು ಬಿಎಫ್‌ಡಿ ಎಂಬ ಸರ್ಕಾರಿ ಸ್ವಯಂಸೇವೆ. ಅದಕ್ಕಿಂತ ಹಳೆಯದು, 27 ವರ್ಷದೊಳಗಿನವರಿಗಾಗಿ ಇರುವ ಎಫ್‌ಎಸ್‌ಜೆ ಎಂಬ ಇಂಥದ್ದೇ ಸ್ವಯಂಸೇವೆ. ಎರಡಕ್ಕೂ ಹೊರದೇಶದವರು ಅರ್ಜಿ ಹಾಕಬಹುದು. ಸಾಮಾನ್ಯವಾಗಿ ಒಂದು ವರ್ಷದ ಕೆಲಸ. ಆರೋಗ್ಯ ವಿಮೆ ಇರುತ್ತದೆ. ಊಟ, ವಸತಿ ಕೆಲವು ಕಡೆ ಕೊಡುತ್ತಾರೆ, ಕೆಲವು ಕಡೆ ಇಲ್ಲ. ಇದನ್ನು ಮೊದಲೇ ಬರೆಸಿಕೊಳ್ಳಿ, ಬಾಡಿಗೆ ಅಲ್ಲಿ ಜಾಸ್ತಿ.

ಅಲ್ಲಿ ಎಂಥ ಬಡವರು ಅಂತ ಕೇಳಬಹುದು. ಅಂಗವಿಕಲರ ಕೇಂದ್ರಗಳಿವೆ, ಒಂಟಿಯಾಗಿರುವ ಮುದುಕರಿದ್ದಾರೆ, ನಿರಾಶ್ರಿತರ ಮಕ್ಕಳಿದ್ದಾರೆ. ಭಾಷೆ ನಿಜಕ್ಕೂ ಪಳಗುವುದು ಇಂಥ ಕಡೆಯೇ. ಮೈಸೂರಿನ ಹುಡುಗಿಗೆ ಕಲಬುರಗಿ ಅಜ್ಜಿಯ ಮಾತು ಮೊದಲ ವಾರ ತಲೆಗೆ ಹತ್ತೋದಿಲ್ಲ ಅಲ್ವಾ? ದಕ್ಷಿಣ ಜರ್ಮನಿಯ ಬವೇರಿಯಾದ ಅಜ್ಜಿಯದೂ ಹಾಗೇ, ತರಗತಿಯ ಜರ್ಮನ್ ಅಲ್ಲವೇ ಅಲ್ಲ. ದಿನಾ ಊಟ ಬಡಿಸುತ್ತಾ, ಗಾಲಿಕುರ್ಚಿ ತಳ್ಳುತ್ತಾ ಕಿವಿ ತೆರೆದುಕೊಳ್ಳುತ್ತದೆ. ಹೋಗುವ ಮುಂಚೆ ಬಿ1, ಅಂದರೆ ದಿನನಿತ್ಯದ ಮಾತು ನಿಭಾಯಿಸುವ ಮಧ್ಯಮ ಮಟ್ಟ, ಮುಗಿಸಿರಲಿ. ಪರೀಕ್ಷೆ ಪುಣೆಯ ಜರ್ಮನ್ ಭಾಷಾ ಕೇಂದ್ರ ಮ್ಯಾಕ್ಸ್ ಮುಲ್ಲರ್ ಭವನದಲ್ಲೇ ನಡೆಯುತ್ತದೆ. ಔಷಧಿ ಕೊಡುವ ಹೊತ್ತು ಹೇಳಿದಾಗ ಅರ್ಥವಾಗದಿದ್ದರೆ ಸೇವೆ ಹೋಗಲಿ, ಅಪಾಯ.

ಇನ್ನೊಂದು ಬಾಗಿಲು ವೆಲ್ಟ್‌ವೆರ್ಟ್ಸ್ ಎಂಬ ಜರ್ಮನ್ ಸರ್ಕಾರದ ಸ್ವಯಂಸೇವಾ ಯೋಜನೆ. 2008ರಲ್ಲಿ ಜರ್ಮನ್ ಯುವಕರನ್ನು ನಮ್ಮಂಥ ದೇಶಗಳಿಗೆ ಕಳಿಸಲು ಶುರುವಾಯಿತು. 2013ರಿಂದ ಇಲ್ಲಿನವರೂ ಅಲ್ಲಿಗೆ ಹೋಗಬಹುದು. ಆದರೆ ಆ ಯೋಜನೆಯಲ್ಲಿ ಸೇರಿಕೊಂಡಿರುವ ಇಲ್ಲಿನ ಸಂಸ್ಥೆಯ ಮೂಲಕವೇ ಹೋಗಬೇಕು.

ಎರಡು ವಾರದ ಪ್ಯಾಕೇಜ್ ವಿಷಯ. ಅದು ಅನಾಥಾಲಯ ಅಂದರೆ ಖಂಡಿತ ಬೇಡ. ಕಾಂಬೋಡಿಯಾ, ನೇಪಾಳದಲ್ಲಿ ಇಂಥ ಎಷ್ಟೋ ಮಕ್ಕಳಿಗೆ ಅಪ್ಪ ಅಮ್ಮ ಇದ್ದಾರೆ. ದುಡ್ಡು ಕೊಡುವ ವಿದೇಶಿಯರು ಬರುತ್ತಾರೆಂದೇ ಹಳ್ಳಿಯಿಂದ ತಂದಿಟ್ಟ ಉದಾಹರಣೆಗಳಿವೆ. ಮಗು ಹಚ್ಚಿಕೊಳ್ಳುವ ಹೊತ್ತಿಗೆ ಬಂದವರು ಹೊರಡುತ್ತಾರೆ. ಎರಡು ವಾರದಲ್ಲಿ ಭಾಷೆಯೂ ಬರುವುದಿಲ್ಲ ಬಿಡಿ.

ಕಾಲೇಜಿನ ಲೆಕ್ಕ ಬೇರೆ. ಸೇವೆಗೆ ಕ್ರೆಡಿಟ್ ಸಿಗುತ್ತದೆಂದು ಸುಮ್ನೆ ನಂಬಬೇಡಿ. ವರ್ಷ ಬಿಟ್ಟು ಬಂದರೆ ಮತ್ತೆ ಅದೇ ಕೋರ್ಸಿಗೆ ಸೇರಿಸಿಕೊಳ್ಳುತ್ತಾರಾ ಎಂದು ವಿಭಾಗದಿಂದ ಲಿಖಿತವಾಗಿ ತೆಗೆದುಕೊಳ್ಳಿ. ನನ್ನ ಕೇಳಿದರೆ ಪದವಿ ಮುಗಿಸಿ, ಎಂ.ಎ.ಗೆ ಮುಂಚೆ ಹೋಗುವುದೇ ವಾಸಿ. ಜಾಗ ಸಿಕ್ಕ ಒಪ್ಪಂದ ಕೈಗೆ ಬಂದ ಮೇಲೆಯೇ ವೀಸಾ ಅರ್ಜಿ. ಪುಣೆಯವರಿಗೆ ಅದು ಮುಂಬೈಯ ಜರ್ಮನ್ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತದೆ. ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಆದ್ದರಿಂದ ಟಿಕೆಟ್ ಮೊದಲೇ ತೆಗೆಯಬೇಡಿ.